ಓಟ, ದಾನ ಮತ್ತು ಬಂದೋಬಸ್ತು

ಅಕ್ಕಿಆಲೂರಿನ ಬಸ್ ನಿಲ್ದಾಣದ ಹತ್ತಿರ ಚಹಾದಂಗಡಿಯೊಂದರಲ್ಲಿ ಒಂದು ಸಂಜೆ ಕೂತಿದ್ದೆವು. ಬೆಂಗಳೂರಿನಲ್ಲಿ ನೌಕರಿ ಮಾಡುವ ನಮ್ಮ ಪರಿಚಯದ ಹುಡುಗ ರಜೆಗೆ ಬಂದಿದ್ದ. ಕರಾವಳಿಯ ಸಣ್ಣ ಪಟ್ಟಣವೊಂದರಲ್ಲಿ ನಡೆದ ಟ್ರಯಥ್ಲಾನ್‌ನಲ್ಲಿ ಭಾಗವಹಿಸಿ ಪದಕ ತಂದಿದ್ದ. ಸಮುದ್ರದಲ್ಲಿ ಈಸಬೇಕು, ನಿಲ್ಲದೆ ಸೈಕಲ್ ತುಳಿಯಬೇಕು, ಸೈಕಲ್ ಇಳಿದ ಕೂಡಲೇ ಓಡಬೇಕು. ಸೇರಿದ ಹಣ ಕಾಯಿಲೆಯ ಮಕ್ಕಳ ಆರೈಕೆಗೆ ಹೋಗುತ್ತದೆ ಎಂದು ವಿವರಿಸುತ್ತಿದ್ದ. ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಹಿರಿಯರೊಬ್ಬರು ನಕ್ಕರು.

"ಇದರಾಗೇನೈತೋ ತಮ್ಮಾ? ನಮ್ಮಪ್ಪ ಹಳ್ಳ ಈಸಿ ದಾಟಿ, ಸೈಕಲ್ ತುಳದು ಸಂತಿಗೆ ಹೋಗಿ, ಸಾಲಗಾರ ಕಂಡಕೂಡಲೇ ಓಡಿ ಬರ್ತಿದ್ದ. ಅವನ ಕೊಳ್ಳಾಗ ಯಾರೂ ಪದಕ ಹಾಕಲಿಲ್ಲ."

ಅಂಗಡಿಯೆಲ್ಲ ನಕ್ಕಿತು. ಹುಡುಗನೂ ನಕ್ಕ. ಆಮೇಲೆ ಮೆಲ್ಲಗೆ ಅಂದ: "ಕಾಕಾ, ನಾ ಗೆದ್ದಿಲ್ರೀ. ಕೊನಿಗೆ ಬಂದವರೊಳಗ ನಾನೂ ಒಬ್ಬ. ಆದ್ರ ನಾ ಬರೋತನಕ ಹಾದಿಗುಂಟ ನೀರು ಹಿಡಕೊಂಡು ನಿಂತಿದ್ರು. ಒಬ್ರೂ ಮನಿಗೆ ಹೋಗಿರ್ಲಿಲ್ಲ."

ಹಿರಿಯರ ಮಾತಿಗಿಂತ ಹುಡುಗನ ಮಾತು ನಮ್ಮಲ್ಲಿ ಹೆಚ್ಚು ದಿನ ಉಳಿಯಿತು.

ಟ್ರಯಥ್ಲಾನ್ ನಮ್ಮ ನೆಲದ ಆಟವಲ್ಲ. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಶುರುವಾಯಿತು. 1978ರಲ್ಲಿ ಹವಾಯಿಯಲ್ಲಿ 'ಐರನ್‌ಮ್ಯಾನ್' ಹೆಸರಿನ ಮೊದಲ ಸ್ಪರ್ಧೆ ನಡೆದಾಗ ಹೊರಟವರು 15 ಮಂದಿ, ಮುಗಿಸಿದವರು 12 ಮಂದಿ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಜಾಗ ಸಿಕ್ಕಿತು: ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. 2019ರಲ್ಲಿ ನೆರೆಯ ಗೋವಾಕ್ಕೂ ಐರನ್‌ಮ್ಯಾನ್ ಬಂತು. ಮಂಗಳೂರಿನ ತಣ್ಣೀರುಬಾವಿ ಕಡಲ ತೀರದಲ್ಲಿ ತಪಸ್ಯಾ ಫೌಂಡೇಶನ್ ಕ್ಯಾನ್ಸರ್ ಪೀಡಿತ ಮಕ್ಕಳ ಆರೈಕೆಯ ಸಲುವಾಗಿ ಟ್ರಯಥ್ಲಾನ್ ನಡೆಸಿತು. ಆಟ ಹೊರಗಿನದು, ಕಡಲು ನಮ್ಮದು, ಕಾಯಿಲೆ ಎಲ್ಲರದು.

ಇಂಥ ಸ್ಪರ್ಧೆಗಳನ್ನು ಕಂಡಾಗ ಬರೆಯುವವರಾದ ನಮಗೆ ಮೊದಲು ಹೊಳೆಯುವುದು ವ್ಯಂಗ್ಯ. ಮಗು ಆಸ್ಪತ್ರೆಯಲ್ಲಿ ನರಳುತ್ತಿದ್ದರೆ ಅದರ ಹೆಸರಿನಲ್ಲಿ ಇವರು ಏಕೆ ಓಡಬೇಕು? ಕೊಡುವುದಿದ್ದರೆ ಮನೆಯಲ್ಲಿ ಕೂತೇ ಕೊಡಬಹುದಲ್ಲ? ಓಟಗಾರರ ಅಂಗಿಯ ಮೇಲೆ ಪ್ರಾಯೋಜಕರ ಹೆಸರು ದೊಡ್ಡದಾಗಿ, ಉದ್ದೇಶದ ಹೆಸರು ಸಣ್ಣದಾಗಿ ಅಚ್ಚಾಗಿರುವುದನ್ನು ಯಾರು ಬೇಕಾದರೂ ನೋಡಬಹುದು. ಸ್ಪರ್ಧೆಯ ಸೈಕಲ್ಲಿನ ಬೆಲೆಗೆ ನಮ್ಮ ಕಡೆಯ ಸಣ್ಣ ರೈತನ ಒಂದು ವರ್ಷದ ಗೋವಿನಜೋಳದ ಲೆಕ್ಕ ಮುಗಿಯುತ್ತದೆ. ಹುಟ್ಟಿದಂದಿನಿಂದ ಕಡಲಿನ ಜೊತೆ ಬದುಕಿದ ಮೀನುಗಾರ ಈಜುವವರ ಸಾಲಿನಲ್ಲಿ ಇರುವುದು ಅಪರೂಪ. ಅವನು ಸಿಗುವುದು ದಡದ ಮೇಲೆ, ಇಲ್ಲವೇ ರಕ್ಷಣೆಯ ದೋಣಿಯಲ್ಲಿ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಹೇಳಿಸಿಕೊಂಡು ಬೆಳೆದ ನಮಗೆ ಈ ಸಂಭ್ರಮದ ದಾನ ಸಲೀಸಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ಈ ಟೀಕೆಗಳಲ್ಲಿ ಸತ್ಯವಿದೆ. ಆದರೆ ಟೀಕೆ ಮಾಡಿ ಎದ್ದು ಹೋಗುವವರು ಆ ಮಗುವಿಗೆ ತಾವೇನು ಕೊಟ್ಟೆವು ಎಂದು ಒಮ್ಮೆ ಕೇಳಿಕೊಳ್ಳಬೇಕು. ಗುಣವಾಗದ ಕಾಯಿಲೆಯ ಮಗುವಿನ ನೋವು ಕಡಿಮೆ ಮಾಡುವ ಆರೈಕೆಗೆ ಹಣ ಹುಟ್ಟುವುದು ಕಷ್ಟ. ಉಳಿಸಿದೆವು ಎಂದು ಹೇಳಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ಯಾರ ಕಣ್ಣಿಗೂ ಬೀಳದ ಅಂಥ ಕೆಲಸಕ್ಕೆ ಜನರ ಕಣ್ಣು ತಿರುಗಿಸಲು ಒಂದು ಓಟ ಬೇಕಾದರೆ ಓಡಲಿ ಬಿಡಿ.

ನಮ್ಮ ಮಾತು ಬೇರೆ. ಇಂಥ ಸ್ಪರ್ಧೆಯಿಂದ ಕಲಿಯಬೇಕಾದದ್ದು ದಾನವನ್ನಲ್ಲ, ಅದರ ಏರ್ಪಾಟನ್ನು. ಈಸುವವರು ದೂರದಿಂದ ಕಾಣಬೇಕೆಂದು ತಲೆಗೆ ಬಣ್ಣದ ಟೋಪಿ. ಹೆಸರು ಕೂಗಲಾಗದ ಸ್ಥಿತಿಯಲ್ಲೂ ಗುರುತು ಸಿಗಲೆಂದು ತೋಳಿನ ಮೇಲೆ ಸಂಖ್ಯೆ. ನೀರಿಗೆ ಇಳಿದವರೆಷ್ಟು, ಎದ್ದವರೆಷ್ಟು ಎಂಬ ಲೆಕ್ಕ ಇಡಲು ಕಾಲಿಗೆ ಸಣ್ಣ ಚಿಪ್. ಸೈಕಲ್ ಹೋಗುವ ದಾರಿಗೆ ವಾಹನ ಬಾರದಂತೆ ತಡೆ, ತಿರುವುಗಳಲ್ಲಿ ಸ್ವಯಂಸೇವಕರು, ಹತ್ತಿರದಲ್ಲೇ ಆಂಬುಲೆನ್ಸ್. ಇಷ್ಟು ಹೊತ್ತಿನೊಳಗೆ ನೀರಿನಿಂದ ಎದ್ದು ಬಾರದವರು ಮುಂದೆ ಹೋಗುವಂತಿಲ್ಲ ಎಂಬ ಕಟ್ಟುನಿಟ್ಟು. ಇವೆಲ್ಲ ಮೊದಲು ಬರುವವನಿಗಾಗಿ ಇಟ್ಟ ನಿಯಮಗಳಲ್ಲ. ಸೋಲುವವನು, ದಣಿಯುವವನು, ಮುಳುಗಬಹುದಾದವನು ಇದ್ದೇ ಇರುತ್ತಾನೆ ಎಂದು ಮೊದಲೇ ಯೋಚಿಸಿದವರು ಮಾಡಿದ ನಿಯಮಗಳು.

ಉರ್ದು ಶಾಲೆಯಲ್ಲಿ ಇದಕ್ಕೆ ಬಂದೋಬಸ್ತ್ ಎಂಬ ಪದ ಕಲಿತಿದ್ದೆವು. ಫಾರಸಿಯಿಂದ ಬಂದದ್ದು, ಮೂಲದಲ್ಲಿ ಕಟ್ಟುವುದು, ಬಿಗಿಯುವುದು ಎಂದರ್ಥ. ಮನೆಯಲ್ಲಿ ಮದುವೆಯಾದರೆ ಊಟದ ಬಂದೋಬಸ್ತ್ ಯಾರದು ಎಂದು ಕೇಳುತ್ತಿದ್ದರು. ಕನ್ನಡ ಪತ್ರಿಕೆ ಓದಲು ತೊಡಗಿದ ಮೇಲೆ ಅದೇ ಪದ ಪೊಲೀಸರ ಲಾಠಿ ಹಿಡಿದುಕೊಂಡು ಎದುರಾಯಿತು. ಗಣಪತಿ ಮೆರವಣಿಗೆಗೆ ಬಿಗಿ ಬಂದೋಬಸ್ತು, ಈದ್ ಮಿಲಾದ್‌ಗೆ ಬಿಗಿ ಬಂದೋಬಸ್ತು. ಒಬ್ಬರು ಇನ್ನೊಬ್ಬರ ಕಾಳಜಿಗೆ ಮಾಡುವ ಏರ್ಪಾಟು ಎಂಬ ಅರ್ಥ ಸವೆದು, ಒಬ್ಬರಿಗೆ ಇನ್ನೊಬ್ಬರು ಹೆದರಿ ಮಾಡಿಕೊಳ್ಳುವ ಏರ್ಪಾಟು ಎಂಬ ಅರ್ಥ ನಿಂತಿತು. ಪದವೊಂದು ಹೀಗೆ ಬದಲಾಗಿದೆಯೆಂದರೆ ಅದನ್ನು ಬಳಸುವ ಜನರಲ್ಲೂ ಏನೋ ಬದಲಾಗಿರಬೇಕು.

ಈಗ ನಮ್ಮೂರಿನ ಸ್ಪರ್ಧೆಗೆ ಬರೋಣ. ಹಾವೇರಿ ಸೀಮೆಯಲ್ಲಿ ದೀಪಾವಳಿ ಎಂದರೆ ಹೋರಿ ಹಬ್ಬ. ಅಕ್ಕಿಆಲೂರಿನಿಂದ ಹಿಡಿದು ಸುತ್ತಣ ಹಳ್ಳಿಗಳವರೆಗೆ ಹೋರಿಗಳಿಗೆ ಕೊಬ್ಬರಿ ಸರ ಕಟ್ಟಿ, ಬಲೂನು, ಜೂಲ ತೊಡಿಸಿ ಅಖಾಡದಲ್ಲಿ ಬಿಡುತ್ತಾರೆ. ಓಡುವ ಹೋರಿಯನ್ನು ತಡೆದು ಕೊಬ್ಬರಿ ಹರಿಯುವವನು ಗಂಡು. ಯಾರಿಗೂ ಸಿಗದೆ ದಾಟಿ ಹೋದರೆ ಹೋರಿಯೇ ಗಂಡು. ಹೋರಿಗೆ ಹೆಸರಿದೆ, ಅಭಿಮಾನಿಗಳಿದ್ದಾರೆ, ಬಾವುಟವಿದೆ. ಮಕ್ಕಳಿಗೆ ಹಾಲಿಲ್ಲದ ಮನೆಯಲ್ಲೂ ಹೋರಿಗೆ ಹಿಂಡಿ, ಹುರುಳಿ ತಪ್ಪುವುದಿಲ್ಲ. ಸಾಕುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ನಮ್ಮವರೂ ಇದ್ದಾರೆ. ನಾವು ಹುಡುಗರಾಗಿದ್ದಾಗ ಮನೆಯ ಮಾಳಿಗೆ ಹತ್ತಿ ಕೂತು, ಬರುವ ಹೋರಿಯ ಹೆಸರು ಕೂಗಿ ಗಂಟಲು ಹರಿದುಕೊಂಡಿದ್ದೇವೆ. ಆ ಹಬ್ಬದ ಮೇಲೆ ನಮಗೆ ದ್ವೇಷವಿಲ್ಲ.

ಈ ಆಟಕ್ಕೆ ಕೋರ್ಟು ಕಚೇರಿಯ ಚರಿತ್ರೆಯೂ ಇದೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮೊದಲಾದ ಆಟಗಳನ್ನು ನಿಷೇಧಿಸಿದಾಗ ನಮ್ಮ ಕಡೆಯ ಅಖಾಡಗಳಿಗೂ ಭಯ ಹತ್ತಿತು. 2017ರಲ್ಲಿ ರಾಜ್ಯ ಸರಕಾರ ಕಂಬಳ ಮತ್ತು ಎತ್ತಿನ ಓಟಗಳಿಗೆ ಅವಕಾಶ ಕೊಟ್ಟು ಕಾನೂನು ತಿದ್ದಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ನಮ್ಮ ಸಂಸ್ಕೃತಿ ಉಳಿಯಿತು ಎಂದು ಎಲ್ಲರೂ ಹಿಗ್ಗಿದರು. ಸಂಸ್ಕೃತಿಯ ಜೊತೆಗೆ ಜನರೂ ಉಳಿಯಬೇಕು ಎಂಬ ಮಾತು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

2025ರ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯೊಂದರಲ್ಲೇ ಹೋರಿ ತಿವಿದು ಕನಿಷ್ಠ ಮೂವರು ಸತ್ತರು. ಒಬ್ಬ ನಮ್ಮ ತಾಲ್ಲೂಕಿನ ತಿಳವಳ್ಳಿಯಲ್ಲಿ ಸತ್ತ ಯುವಕ. ಉಳಿದಿಬ್ಬರು ವಯಸ್ಸಾದವರು, ಅಖಾಡಕ್ಕೆ ಇಳಿದು ಕೊಬ್ಬರಿ ಹರಿಯಲು ಹೋದವರಲ್ಲ. ಎರಡೂ ಸಮುದಾಯದ ಮನೆಗಳಲ್ಲಿ ಹಬ್ಬದ ದಿನವೇ ಹೆಣ ಬಿದ್ದಿತು. ಸ್ಪರ್ಧೆಗೆ ಇಳಿದವನು ತನ್ನ ಪ್ರಾಣವನ್ನು ತಾನೇ ಪಣಕ್ಕೆ ಇಡುತ್ತಾನೆ ಎಂದುಕೊಳ್ಳೋಣ. ಇಳಿಯದವರ ಪ್ರಾಣವನ್ನು ಪಣಕ್ಕೆ ಇಟ್ಟವರು ಯಾರು?

ಈ ಪ್ರಶ್ನೆ ಕೇಳಿದರೆ ಊರಿನಲ್ಲಿ ಸಿಗುವ ಉತ್ತರ ಒಂದೇ: ಅವರ ಹಣೆಬರಹ. ನಮ್ಮವರು ಅದನ್ನೇ ತಖ್ದೀರ್ ಎನ್ನುತ್ತಾರೆ. ಮೊದಲು ಒಂಟೆಯನ್ನು ಕಟ್ಟಿ ಆಮೇಲೆ ದೇವರ ಮೇಲೆ ಭಾರ ಹಾಕಬೇಕೆಂದು ಮದರಸಾದಲ್ಲಿ ಕಲಿತವರು ನಾವು. ಹೋರಿಯ ವಿಷಯದಲ್ಲಿ ಎಲ್ಲ ಧರ್ಮದವರೂ ಒಂದಾಗಿ ಬಿಚ್ಚಿ ಬಿಟ್ಟು ದೇವರ ಮೇಲೆ ಭಾರ ಹಾಕುತ್ತೇವೆ. ಬಹುಮಾನಕ್ಕೆ ಬೈಕು, ಬಂಗಾರ ತರುವಷ್ಟು ಹಣ ಸೇರುತ್ತದೆ. ಎರಡು ಬದಿಗೆ ಗಟ್ಟಿ ಬೇಲಿ, ಓಟದ ಕೊನೆಯಲ್ಲಿ ಹೋರಿ ಹಿಡಿಯಲು ಸಾಕಷ್ಟು ಜಾಗ, ಹೋರಿ ಕರೆತರುವ ಬೀದಿಗಳ ಮನೆಗಳಿಗೆ ಮುನ್ಸೂಚನೆ, ಒಂದು ಆಂಬುಲೆನ್ಸ್ — ಇವಕ್ಕೆ ಹಣ ಸಾಲುವುದಿಲ್ಲ ಎಂದರೆ ನಂಬುವುದು ಹೇಗೆ?

ನಮ್ಮ ಜನಕ್ಕೆ ವ್ಯವಸ್ಥೆ ಬರುವುದಿಲ್ಲ, ಶಿಸ್ತು ಕರಾವಳಿಯವರ ಸ್ವತ್ತು ಎಂದು ಕೆಲವರು ಹೇಳುತ್ತಾರೆ. ಇದು ಸುಳ್ಳು. ಸಾಕ್ಷಿ ಅಕ್ಕಿಆಲೂರಿನಲ್ಲೇ ಇದೆ. ಈ ಊರಿಗೆ ರಕ್ತದಾನಿಗಳ ಊರು ಎಂಬ ಹೆಸರಿದೆ. ಪೊಲೀಸ್ ಸಿಬ್ಬಂದಿಯೊಬ್ಬರು ಮುಂದೆ ನಿಂತು ಕಟ್ಟಿದ ಯುವಕರ ಬಳಗ ಇಲ್ಲಿದೆ. ಲಾಠಿಯ ಬಂದೋಬಸ್ತಿನವರೇ ಹಳೆಯ ಅರ್ಥದ ಬಂದೋಬಸ್ತನ್ನೂ ಮಾಡಿ ತೋರಿಸಿದ್ದಾರೆ.

ನಾವೇ ಕಂಡ ಒಂದು ಪ್ರಸಂಗ ಹೇಳಬೇಕು. ಕೆಲ ವರ್ಷಗಳ ಹಿಂದೆ ನಮ್ಮ ತಂಗಿಗೆ ಹೆರಿಗೆಯಲ್ಲಿ ರಕ್ತಸ್ರಾವವಾಗಿ ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಸುಲಭಕ್ಕೆ ಸಿಗದ ಗುಂಪಿನ ರಕ್ತ ಬೇಕಿತ್ತು. ಯಾರೋ ಯಾರಿಗೋ ಫೋನ್ ಮಾಡಿದರು. ಎರಡು ತಾಸಿನ ದಾರಿ ಬೈಕಿನಲ್ಲಿ ಬಂದ ಇಬ್ಬರು ಹುಡುಗರು ರಾತ್ರಿ ರಕ್ತ ಕೊಟ್ಟರು, ಕ್ಯಾಂಟೀನಿನಲ್ಲಿ ಚಹಾ ಕುಡಿದರು. ಹೆಸರು ಕೇಳಿದರೆ, "ಇರ್ಲಿ ಬಿಡ್ರಿ ಅಣ್ಣಾರ, ಅಕ್ಕಾರು ಅರಾಮಾಗ್ಲಿ" ಎಂದು ಹೊರಟೇ ಹೋದರು. ಪದಕವಿಲ್ಲ, ಅಂಗಿಯಿಲ್ಲ, ಫೋಟೋ ಇಲ್ಲ. ತಂಗಿಯ ಮಗಳು ಈಗ ಶಾಲೆಗೆ ಹೋಗುತ್ತಾಳೆ.

ಅವರ ಒಳ್ಳೆಯತನ ದೊಡ್ಡದು. ಅದು ಸಮಯಕ್ಕೆ ಮುಟ್ಟಿದ್ದು ಒಂದು ಪಟ್ಟಿಯಿಂದ. ಯಾರದು ಯಾವ ಗುಂಪು, ಯಾರು ಯಾವ ತಿಂಗಳು ಕೊಟ್ಟಿದ್ದಾರೆ, ಯಾರು ಈಗ ಕೊಡಬಹುದು ಎಂಬ ಪಟ್ಟಿ. ರಕ್ತದಾನದಲ್ಲಿ ಪಟ್ಟಿ ಇಲ್ಲದ ಉತ್ಸಾಹ ನಷ್ಟಕ್ಕೂ ದಾರಿ. ಸಂಗ್ರಹಿಸಿದ ಕೆಂಪು ರಕ್ತಕಣ ಹೆಚ್ಚೆಂದರೆ 42 ದಿನ ಬಾಳುತ್ತದೆ, ಪ್ಲೇಟ್‌ಲೆಟ್ ಐದೇ ದಿನ. ಒಮ್ಮೆ ಕೊಟ್ಟ ಗಂಡಸು ಮೂರು ತಿಂಗಳು, ಹೆಂಗಸು ನಾಲ್ಕು ತಿಂಗಳು ಮತ್ತೆ ಕೊಡುವಂತಿಲ್ಲ. ನಾಯಕರ ಹುಟ್ಟುಹಬ್ಬದ ದಿನ ಊರಿಗೆ ಊರೇ ಸಾಲು ನಿಂತು ಕೊಟ್ಟು ಫೋಟೋ ತೆಗೆಸಿಕೊಂಡರೆ, ಮುಂದಿನ ತಿಂಗಳು ಕೊಡುವವರೇ ಇರುವುದಿಲ್ಲ. ಥಲಸ್ಸೇಮಿಯಾ ಇರುವ ಮಗುವಿಗೆ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ರಕ್ತ ಬೇಕೇ ಬೇಕು. ಅದು ನಾಯಕರ ಹುಟ್ಟುಹಬ್ಬ ಕಾಯುವುದಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು ಹಣಕ್ಕೆ ರಕ್ತ ಮಾರುವ ಪದ್ಧತಿಯನ್ನು ನಿಲ್ಲಿಸಿದ ಮೇಲೆ ಈ ದೇಶದ ರೋಗಿಗಳು ನಂಬಿರುವುದು ಇಂಥ ಪಟ್ಟಿಗಳನ್ನೇ.

ಹೀಗಾಗಿ ಕರಾವಳಿಯ ಓಟಕ್ಕೂ ಅಕ್ಕಿಆಲೂರಿನ ಪಟ್ಟಿಗೂ ನಾವು ಬಹಳ ದೂರ ಕಾಣೆವು. ಎರಡರಲ್ಲೂ ಕಾಣದವರ ಬಗ್ಗೆ ಮೊದಲೇ ಯೋಚಿಸಿದ ಬುದ್ಧಿಯಿದೆ. ಕರಾವಳಿಯ ಓಟ ಅಕ್ಕಿಆಲೂರಿನಿಂದ ಹೆಸರು ಹೇಳದೆ ಕೊಡುವುದನ್ನು ಕಲಿತರೆ ಅಂಗಿಯ ಮೇಲಿನ ಅಕ್ಷರ ಸ್ವಲ್ಪ ಸಣ್ಣದಾದೀತು. ಅಕ್ಕಿಆಲೂರು ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ. ರಕ್ತಕ್ಕೆ ಇಟ್ಟ ಬುದ್ಧಿಯನ್ನೇ ಹೋರಿಗೂ ಇಟ್ಟರಾಯಿತು. ರಕ್ತ ಕೊಡುವ ವಯಸ್ಸಿನವರೇ ಅಖಾಡದ ಅಂಚಿನಲ್ಲೂ ನಿಲ್ಲುವವರು. ಹೋರಿ ತಿವಿದವನಿಗೆ ಆಮೇಲೆ ರಕ್ತ ಕೊಡಲು ಓಡುವುದು ಪುಣ್ಯದ ಕೆಲಸ. ತಿವಿಯದಂತೆ ಬೇಲಿ ಕಟ್ಟುವುದೂ ಪುಣ್ಯವೇ. ಫೋಟೋ ತೆಗೆಸಿಕೊಳ್ಳಲು ಬರುವುದಿಲ್ಲ, ಅಷ್ಟೇ. ತಪ್ಪಿದ ಸಾವಿನ ಫೋಟೋ ಯಾರ ಹತ್ತಿರವೂ ಇರುವುದಿಲ್ಲ.

ಆ ಸಂಜೆ ಅಂಗಡಿಯಿಂದ ಏಳುವಾಗ ಹಿರಿಯರು ಹುಡುಗನ ಪದಕವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ತೂಕ ನೋಡುವವರಂತೆ ಅಂಗೈಯಲ್ಲಿ ಒಮ್ಮೆ ಕುಪ್ಪಳಿಸಿದರು.

"ಬರೋ ದೀಪಾವಳಿಗೆ ಊರಿಗೆ ಬರ್ತೀಯೇನಪಾ?" ಎಂದು ಕೇಳಿದರು.

"ಬರ್ತೀನ್ರಿ ಕಾಕಾ."

"ನೀರು ಹಿಡಕೊಂಡು ನಿಂತಿದ್ರು ಅಂದ್ಯಲ್ಲ, ಅಂಥ ನಾಕು ಮಂದೀನ ಕರಕೊಂಡು ಬಾ. ಹಗ್ಗ ನಾ ಹಿಡೀತೀನಿ."