ಖರ್ಚಿನ ಪುಟವಿಲ್ಲದ ಖಾತೆ

ಬೆಂಗಳೂರಿನ ಭೂಗತ ಜಗತ್ತನ್ನು ಒಳಗಿನಿಂದ ಕಂಡು ಬರೆದ ಕನ್ನಡ ಕೃತಿಗಳಲ್ಲಿ ಅಗ್ನಿ ಶ್ರೀಧರರ ‘ದಾದಾಗಿರಿಯ ದಿನಗಳು’ ಪ್ರಮುಖವಾದುದು. 1986ರಲ್ಲಿ ನಡೆದ ಕೊತ್ವಾಲ್ ರಾಮಚಂದ್ರನ ಹತ್ಯೆಯಲ್ಲಿ ತಮ್ಮ ಪಾತ್ರವನ್ನು ಲೇಖಕರು ಮರೆಮಾಚಿಲ್ಲ. ಆ ನೇರವಂತಿಕೆಯೇ ಕೃತಿಯ ಬಲ. 2007ರಲ್ಲಿ ಅದನ್ನು ಆಧರಿಸಿ ‘ಆ ದಿನಗಳು’ ಚಲನಚಿತ್ರವೂ ಬಂದಿತು. ಆದರೆ ಅಲ್ಲಿ ಮಾತನಾಡುವವರು ಪ್ರಾಯಕ್ಕೆ ಬಂದು ತಾವೇ ಆ ದಾರಿ ಹಿಡಿದವರು. ಸಂಚು, ಸಾಹಸಗಳ ಓಟದಲ್ಲಿ ಓದುಗನು ತನಗರಿವಿಲ್ಲದೆಯೇ ಹಿಂಸೆಯ ಪಕ್ಷಪಾತಿಯಾಗುವ ಅಪಾಯವಿದೆ.

ಇದರ ಜೊತೆಗಿಟ್ಟು ಓದಬೇಕಾದುದು ಜಪಾನಿನ ಶೋಕೋ ತೆಂಡೋ ಅವರ ಆತ್ಮಕಥೆ. 2004ರಲ್ಲಿ ಪ್ರಕಟವಾದ ಇದು 2007ರಲ್ಲಿ ‘ಯಾಕುಝಾ ಮೂನ್’ ಎಂಬ ಹೆಸರಿನಿಂದ ಇಂಗ್ಲಿಷಿಗೆ ಬಂದಿತು. 1968ರಲ್ಲಿ ಯಾಕುಝಾ ಎಂಬ ಪಾತಕಿ ಕೂಟದ ನಾಯಕನೊಬ್ಬನ ಮಗಳಾಗಿ ಹುಟ್ಟಿದ ಅವರಿಗೆ ಆಯ್ಕೆಯೆಂಬುದೇ ಇರಲಿಲ್ಲ. ಶಾಲೆಯಲ್ಲಿ ಮೂದಲಿಕೆ, ಮನೆಯಲ್ಲಿ ತಂದೆಯ ಕೋಪ, ಹರೆಯದಲ್ಲಿ ಮಾದಕವಸ್ತು, ಮುಂದೆ ಮನೆಯ ಸಾಲ. ತಂದೆ ಬಿತ್ತಿದ ಭಯದ ಬೆಲೆಯನ್ನು ಮಗಳು ಬಡ್ಡಿಸಮೇತ ತೆತ್ತಳು.

ಮಾಲೂರಿನಿಂದ ನಿತ್ಯ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವ ಯುವಕರಿಗೆ ಆ ನಗರದ ದಾದಾಗಳ ಕಥೆ ರೋಚಕವೆನಿಸುವುದು ಸಹಜ. ಅದನ್ನು ಓದಬಾರದೆಂದಲ್ಲ, ಓದುವಾಗ ದಾದಾನ ಮನೆಯಲ್ಲಿ ಬೆಳೆಯುವ ಮಕ್ಕಳನ್ನೂ ನೆನೆಯಬೇಕು. ಶೌರ್ಯವನ್ನಷ್ಟೇ ಜಮಾ ತೋರಿಸಿ ಅವರ ಕಣ್ಣೀರನ್ನು ಬರೆಯದ ಲೆಕ್ಕ ಎಂದಿಗೂ ತಾಳೆಯಾಗದು.