ಗಾಳಿಯ ಕೆಳಗೊಂದು ಹಾದಿ

ಬೇಸಗೆಯ ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಎದ್ದರೆ ಪಿಲಿಕುಳದ ಗಾಲ್ಫ್ ಮೈದಾನದ ಲೆಕ್ಕವೇ ಬದಲಾಗುತ್ತದೆ. ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿಯ ನಮಗೆ ಹತ್ತಿರದ್ದು ಅದೇ. ಬೆಳಿಗ್ಗೆ 7 ಐರನ್‌ನಲ್ಲಿ ಹೊಡೆದ ಚೆಂಡು ಗ್ರೀನ್ ಮೇಲೆ ಬಿದ್ದಿರುತ್ತದೆ. ಮಧ್ಯಾಹ್ನ ಅದೇ ಹೊಡೆತ ಮೇಲೇರಿ, ಎದುರುಗಾಳಿಗೆ ಸಿಕ್ಕಿ, ಆಕಾಶದಲ್ಲೇ ತಡೆದು ನಿಂತಂತಾಗಿ ಎಷ್ಟೋ ಗಜ ಈಚೆಗೆ ಕುಸಿಯುತ್ತದೆ.

ಆಗ ಕೈ ಇನ್ನಷ್ಟು ಜೋರಾಗಿ ಬೀಸಲು ಹಾತೊರೆಯುತ್ತದೆ. ಕೆಡುವುದು ಅಲ್ಲೇ. ಜೋರು ಹೆಚ್ಚಿದಷ್ಟೂ ಚೆಂಡಿನ ಸ್ಪಿನ್ ಹೆಚ್ಚು, ಸ್ಪಿನ್ ಹೆಚ್ಚಿದಷ್ಟೂ ಗಾಳಿ ಅದನ್ನು ಮೇಲಕ್ಕೆತ್ತುತ್ತದೆ. ಏಳರ ಬದಲು 5 ಐರನ್ ತೆಗೆದು ಮೆಲ್ಲಗೆ ಹೊಡೆಯಬೇಕು. ಹಿಡಿ ಒಂದಂಗುಲ ಕೆಳಗೆ, ಚೆಂಡು ಪಾದಗಳ ನಡುವಿಗಿಂತ ತುಸು ಹಿಂಗಾಲಿನ ಕಡೆಗೆ, ಮೈಭಾರ ಮುಂಗಾಲಿನ ಮೇಲೆ. ತಾಗುವ ಗಳಿಗೆಯಲ್ಲಿ ಕೈಗಳು ಚೆಂಡಿಗಿಂತ ಮುಂದಿದ್ದರೆ ಲಾಫ್ಟ್ ತಾನೇ ತಗ್ಗುತ್ತದೆ. ಬೀಸು ಮುಕ್ಕಾಲು ಸಾಕು. ಮುಗಿಯುವಾಗ ಕೈ ಎದೆಯ ಎತ್ತರ ದಾಟಬಾರದು. ಇದೊಂದನ್ನು ಮೈಗೆ ಒಗ್ಗಿಸಲು ನನಗೆ ಎರಡು ವರ್ಷ ಹಿಡಿಯಿತು.

ಒಗ್ಗಿದ್ದು ಮನೆಯ ಬಾಕಿಮಾರು ಗದ್ದೆಯಲ್ಲಿ, ಕೊಯ್ಲು ಮುಗಿದ ಮೇಲೆ. ವೇಣೂರು, ಮೂಡುಬಿದಿರೆಯ ಕಂಬಳ ನೋಡಿದವರಿಗೆ ಕನೆಹಲಗೆಯ ನಿಶಾನೆ ಗೊತ್ತು. ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ಕಟ್ಟಿದ ಬಟ್ಟೆಗೆ ಕೆಸರು ನೀರು ಚಿಮ್ಮಿ ಮುಟ್ಟಬೇಕು. ನಾನು ಆ ಆಟವನ್ನು ತಲೆಕೆಳಗು ಮಾಡಿದೆ. ಹತ್ತು ಹೆಜ್ಜೆ ದೂರದಲ್ಲಿ ಎರಡು ಬಿದಿರ ಗಳು ನೆಟ್ಟು, ಆಳೆತ್ತರಕ್ಕೆ ಹಗ್ಗ ಎಳೆದು, ಹಳೆಯ ಬೈರಾಸು ಇಳಿಬಿಟ್ಟೆ. ಅದರ ಅಂಚಿನ ಕೆಳಗೆ ಚೆಂಡು ಹಾಯಬೇಕು. ಬಟ್ಟೆಗೆ ಬಡಿದ ‘ದಪ್’ ಸದ್ದು ಕೇಳಿದರೆ ಕೈ ಹಿಂದುಳಿದಿದೆ ಎಂದರ್ಥ. ಸರಿಯಾಗಿ ತಾಗಿದ್ದು ಮಾತ್ರ ಅಂಚನ್ನೂ ಅಲುಗಿಸದೆ ಗದ್ದೆಯುದ್ದಕ್ಕೂ ಸರ್ರನೆ ಹೋಗುತ್ತದೆ. ಆ ಸುಖಕ್ಕೆ ಸಾಟಿ ನನಗಂತೂ ಬೇರೆ ಸಿಕ್ಕಿಲ್ಲ.

2006ರ ಬ್ರಿಟಿಷ್ ಓಪನ್‌ನಲ್ಲಿ ಟೈಗರ್ ವುಡ್ಸ್ ಇಂಥ ತಗ್ಗು ಹೊಡೆತಗಳನ್ನೇ ನೆಚ್ಚಿದ್ದರು. ಬಿಸಿಲಿಗೆ ಒಣಗಿ ಗಟ್ಟಿಯಾಗಿದ್ದ ಹೊಯ್‌ಲೇಕ್ ಮೈದಾನದಲ್ಲಿ, ನಾಲ್ಕು ದಿನಗಳ 72 ಹೋಲ್‌ಗಳಲ್ಲಿ ಡ್ರೈವರ್ ಹಿಡಿದದ್ದು ಒಂದೇ ಸಲ. ಹೆಚ್ಚಾಗಿ 2 ಐರನ್‌ನಲ್ಲೇ ತಗ್ಗಿಸಿ ಹೊಡೆದು, ಉಳಿದ ದೂರವನ್ನು ನೆಲಕ್ಕೆ ಬಿಟ್ಟು, ಎರಡು ಹೊಡೆತಗಳ ಅಂತರದಲ್ಲಿ ಗೆದ್ದರು. ನಮ್ಮ ಮುರಕಲ್ಲಿನ ನೆಲವೂ ಏಪ್ರಿಲ್‌ನಲ್ಲಿ ಹಾಗೆಯೇ. ಬಿದ್ದ ಚೆಂಡು ಪುಟಿದು ಓಡುತ್ತದೆ.

ಮಳೆ ಹಿಡಿದರೆ ಆ ಓಟ ಇಲ್ಲ. ತಗ್ಗಿನ ಚೆಂಡು ಬಿದ್ದಲ್ಲೇ ಹುಲ್ಲಿಗೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ಗಾಳಿಗೆ ತಗ್ಗಬೇಕು, ಆದರೆ ಗ್ರೀನ್‌ತನಕ ಹಾರಲೂ ಬೇಕು. ಕ್ಲಬ್ಬು ಚೆಂಡಿಗಿಂತ ಮೊದಲು ಒದ್ದೆ ನೆಲಕ್ಕೆ ತಾಗಿದರೆ ಮುಗಿಯಿತು. ಜೂನ್, ಜುಲೈಗೆ ಗದ್ದೆಯಲ್ಲಿ ನೇಜಿ ನೆಟ್ಟಾಗಿರುತ್ತದೆ. ಆಗ ಗಳು ಕಿತ್ತು, ಬೈರಾಸನ್ನು ಗುಡ್ಡೆಯ ಗೇರುಮರದ ಕೊಂಬೆಗೆ ಕಟ್ಟುತ್ತೇನೆ, ಗದ್ದೆಯಲ್ಲಿದ್ದುದಕ್ಕಿಂತ ಒಂದು ಗೇಣು ಮೇಲೆ.