ಪ್ರವಾದನೆ ಮತ್ತು ನೆರವೇರಿಕೆ: ಮತ್ತಾಯನ ಸುವಾರ್ತೆಯ ಒಂದು ವಾದದ ಪರಿಶೀಲನೆ

ಹೊಸ ಒಡಂಬಡಿಕೆಯ ಮೊದಲ ಗ್ರಂಥವಾದ ಮತ್ತಾಯನ ಸುವಾರ್ತೆಯನ್ನು ತೆರೆದವರಿಗೆ, ಅಬ್ರಹಾಮನಿಂದ ದಾವೀದನವರೆಗೆ, ದಾವೀದನಿಂದ ಬಾಬೆಲಿನ ಸೆರೆಯವರೆಗೆ, ಸೆರೆಯಿಂದ ಯೇಸುವಿನವರೆಗೆ ಹದಿನಾಲ್ಕು ಹದಿನಾಲ್ಕು ತಲೆಗಳಾಗಿ ಜೋಡಿಸಿಟ್ಟ ವಂಶಾವಳಿಯು ಮುಗಿಯುವುದರೊಳಗಾಗಿಯೇ, ಗ್ರಂಥಕರ್ತನು ಒಂದು ಪಕ್ಷವನ್ನು ಸ್ಥಾಪಿಸಲು ಹೊರಟಿರುವನೆಂಬುದು ಮನದಟ್ಟಾಗುತ್ತದೆ. ಯೆಹೂದ್ಯರ ಪ್ರವಾದಿಗಳು ಶತಮಾನಗಳ ಹಿಂದೆಯೇ ಮುಂಗಂಡು ನುಡಿದ ಮೆಸ್ಸೀಯನು ನಜರೇತಿನ ಯೇಸುವೇ ಎಂಬುದು ಆ ಪಕ್ಷ. ಯೇಸುವಿನ ಜನನ, ಪಲಾಯನ, ನಿವಾಸ, ಪುರಪ್ರವೇಶ, ಮರಣ ಇವುಗಳಲ್ಲಿ ಒಂದೊಂದನ್ನು ಹೇಳಿ ಮುಗಿಸಿದಾಗಲೂ ಪ್ರವಾದಿಯ ಮಾತು ಹೀಗೆ ನೆರವೇರಿತೆಂದು ಮತ್ತಾಯನು ಮತ್ತೆ ಮತ್ತೆ ಸಾರುತ್ತಾನೆ. ಈ ಸಾರುವಿಕೆಯ ಮೇಲೆ ಎರಡು ಸಹಸ್ರ ವರ್ಷಗಳ ಮತಪ್ರತಿಪಾದನೆಯು ನಿಂತಿದೆ. ಇದನ್ನು ಒಪ್ಪಲಿಲ್ಲವೆಂಬ ಕಾರಣದಿಂದಲೇ ಒಂದು ಜನಾಂಗವು ಯೂರೋಪಿನಲ್ಲಿ ಅಪಾರವಾದ ಸಂಕಟವನ್ನನುಭವಿಸಿದೆ. ಆದುದರಿಂದ ಇದನ್ನು ಭಕ್ತಿಯ ಮಾತೆಂದು ಬದಿಗಿಡದೆ, ಗ್ರಂಥವನ್ನು ಗ್ರಂಥದೊಡನೆ ಹೋಲಿಸಿ ಪರಿಶೀಲಿಸುವುದು ವಿಮರ್ಶಕನ ಧರ್ಮವಾಗಿದೆ.

ಮೊದಲು ಪ್ರವಾದಿಗಳು ಏನನ್ನು ನಿರೀಕ್ಷಿಸಿದ್ದರೆಂಬುದನ್ನು ನೋಡಬೇಕು. ಮೆಸ್ಸೀಯ, ಅಂದರೆ ಅಭಿಷಿಕ್ತನೆಂಬ ಹೆಸರು ಹಳೆಯ ಒಡಂಬಡಿಕೆಯಲ್ಲಿ ಅರಸರಿಗೂ ಯಾಜಕರಿಗೂ ಸಲ್ಲುತ್ತದೆ. ಯೆರೂಸಲೇಮಿಗೆ ಹಿಂದಿರುಗಲು ಯೆಹೂದ್ಯರಿಗೆ ಅನುಮತಿಯಿತ್ತ ಪಾರಸಿಕ ದೊರೆ ಕೋರೆಷನಿಗೂ ಯೆಶಾಯನ ಗ್ರಂಥವು ಅದನ್ನೇ ಸಲ್ಲಿಸಿದೆ. ಮುಂದೆ ಬರಲಿರುವ ದಾವೀದವಂಶದ ಅರಸನ ಚಿತ್ರವು ಯೆಶಾಯ, ಮೀಕ, ಯೆರೆಮೀಯ, ಯೆಹೆಜ್ಕೇಲ ಇವರಲ್ಲಿ ಚೆದುರಿದಂತಿದ್ದರೂ ಅದರ ರೇಖೆಗಳಲ್ಲಿ ಅಸ್ಪಷ್ಟತೆಯಿಲ್ಲ. ಅವನ ಕಾಲದಲ್ಲಿ ಚೆದುರಿದ ಇಸ್ರಾಯೇಲು ಒಂದುಗೂಡುವುದು, ದೇವಾಲಯವು ಜನದ ನಡುವೆ ನೆಲೆನಿಲ್ಲುವುದು, ಕತ್ತಿಗಳು ಗುಳಗಳಾಗುವುವು, ಭೂಮಿಯು ದೇವರ ಜ್ಞಾನದಿಂದ ತುಂಬುವುದು. ಇವೆಲ್ಲವೂ ಎಲ್ಲರ ಕಣ್ಣಿಗೆ ಕಾಣಬೇಕಾದ, ಲೋಕದಲ್ಲಿ ನಡೆಯಬೇಕಾದ ಘಟನೆಗಳು. ಹನ್ನೆರಡನೆಯ ಶತಮಾನದಲ್ಲಿ ಮೈಮೋನಿಡೀಸನು ಯೆಹೂದ್ಯ ಧರ್ಮಶಾಸ್ತ್ರವನ್ನು ಕ್ರೋಡೀಕರಿಸಿದಾಗ ಮೆಸ್ಸೀಯನ ಲಕ್ಷಣಗಳೆಂದು ಹೇಳಿದ್ದೂ ಬಹುಮಟ್ಟಿಗೆ ಇವನ್ನೇ; ಈ ಕಾರ್ಯಗಳು ಸಾಧಿತವಾಗುವ ಮೊದಲೇ ಹತನಾದವನು ಆ ಪುರುಷನಲ್ಲವೆಂಬುದು ಆತನ ನಿರ್ಣಯ. ಯೇಸು ಪೊಂತ್ಯ ಪಿಲಾತನ ಆಳ್ವಿಕೆಯಲ್ಲಿ ಶಿಲುಬೆಗೇರಿದನು. ಅದಾಗಿ ನಾಲ್ಕು ದಶಕಗಳು ಕಳೆದ ಮೇಲೆ, ಕ್ರಿ.ಶ. 70ರಲ್ಲಿ, ರೋಮನರು ಇದ್ದ ದೇವಾಲಯವನ್ನೂ ಸುಟ್ಟರು. ಈ ಅಳತೆಗೋಲು ಯೇಸುವಿನ ಮೇಲಿನ ದ್ವೇಷದಿಂದ ಹುಟ್ಟಿದುದೆನ್ನುವಂತಿಲ್ಲ. 132ರಲ್ಲಿ ರೋಮಿನ ವಿರುದ್ಧ ಬಂಡೆದ್ದ ಬಾರ್ ಕೋಖ್ಬನನ್ನು ರಬ್ಬಿ ಅಕೀವನಂತಹ ಮಹಾವಿದ್ವಾಂಸನೇ ಮೆಸ್ಸೀಯನೆಂದು ಎತ್ತಿಹಿಡಿದಿದ್ದರೂ, 135ರಲ್ಲಿ ಬೇತಾರಿನ ಕೋಟೆಯು ಬಿದ್ದು ಅವನು ಮಡಿದೊಡನೆಯೇ ಯೆಹೂದ್ಯರು ಆ ಮಾತನ್ನು ಕೈಬಿಟ್ಟರು.

ಇನ್ನು ಮತ್ತಾಯನ ಎರಡನೆಯ ಅಧ್ಯಾಯಕ್ಕೆ ಬರೋಣ. ಆತನ ರೀತಿಯು ಅಲ್ಲಿರುವಷ್ಟು ನಿಚ್ಚಳವಾಗಿ ಬೇರೆಲ್ಲಿಯೂ ಇಲ್ಲ. ಅರಸ ಹೆರೋದನ ಭಯದಿಂದ ಐಗುಪ್ತಕ್ಕೆ ಕೊಂಡೊಯ್ಯಲ್ಪಟ್ಟ ಶಿಶುವು ಅಲ್ಲಿಂದ ಮರಳಿದುದರಲ್ಲಿ, ದೇವರು ತನ್ನ ಮಗನನ್ನು ಐಗುಪ್ತದಿಂದ ಕರೆದನೆಂಬ ಹೋಶೇಯನ ಮಾತು ನೆರವೇರಿತೆಂದು ಆತನು ಹೇಳುತ್ತಾನೆ. ಹೋಶೇಯನ ಹನ್ನೊಂದನೆಯ ಅಧ್ಯಾಯವನ್ನು ತೆರೆದರೆ, ಅಲ್ಲಿ ಮಗನೆನಿಸಿಕೊಂಡವನು ಇಸ್ರಾಯೇಲು ಜನಾಂಗ; ಕರೆದದ್ದು ಮೋಶೆಯ ಕಾಲದಲ್ಲಿ ನಡೆದುಹೋದ ಬಿಡುಗಡೆ; ಮರುವಾಕ್ಯದಲ್ಲಿಯೇ ಆ ಮಗನು ಬಾಳ್ ದೇವತೆಗಳಿಗೆ ಬಲಿಯಿತ್ತನೆಂಬ ದೂರು ಬರುತ್ತದೆ. ಮುಂದೆ ನಡೆಯಲಿರುವುದರ ಸೂಚನೆ ಅಲ್ಲಿ ಒಂದಿಷ್ಟೂ ಇಲ್ಲ. ಬೇತ್ಲೆಹೇಮಿನ ಶಿಶುಹತ್ಯೆಗೆ ಹೊಂದಿಸಿದ ಯೆರೆಮೀಯನ ಮಾತಿನ ಸ್ಥಿತಿಯೂ ಅಷ್ಟೆ: ರಾಮಾ ಊರಿನಲ್ಲಿ ಕೇಳಿಬರುವ ರಾಹೇಲಳ ರೋದನವು ಸೆರೆಹೋದವರಿಗಾಗಿ ಎದ್ದುದು, ಅಳು ನಿಲ್ಲಿಸು, ನಿನ್ನ ಮಕ್ಕಳು ಶತ್ರುವಿನ ನಾಡಿನಿಂದ ಹಿಂದಿರುಗುವರು ಎಂಬ ಅಭಯವು ಅದರ ಬೆನ್ನಿಗೇ ಇದೆ. ಹತರಾದ ಕೂಸುಗಳ ತಾಯಂದಿರಿಗೆ ಅಂತಹ ಅಭಯವನ್ನು ಯಾರು ಕೊಟ್ಟಾರು? ಮೀಕನು ಬೇತ್ಲೆಹೇಮಿನಿಂದ ಬರುವನೆಂದ ಅರಸನಾದರೋ ಅಶ್ಶೂರರ ದಾಳಿಯಿಂದ ನಾಡನ್ನು ಕಾಯುವವನು. ಮೊದಲನೆಯ ಅಧ್ಯಾಯದಲ್ಲಿ ಮತ್ತಾಯನು ಯೆಶಾಯನಿಂದ ಎತ್ತಿಕೊಂಡ ಕನ್ಯೆಯ ಗರ್ಭದ ಮಾತಿನ ವಿಷಯದಲ್ಲಿ ಪಂಡಿತರು ಒಂದು ಹೀಬ್ರೂ ಶಬ್ದವನ್ನು ಹಿಡಿದು ಬಹುಕಾಲ ಸೆಣಸಿದ್ದಾರೆ. ನನಗೆ ಶಬ್ದಕ್ಕಿಂತ ಸಂದರ್ಭವೇ ನಿರ್ಣಾಯಕವೆಂದು ತೋರುತ್ತದೆ. ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ಇಬ್ಬರು ಅರಸರು ಒಟ್ಟಾಗಿ ಯೆರೂಸಲೇಮಿನ ಮೇಲೆ ದಂಡೆತ್ತಿ ಬಂದಾಗ ನಡುಗುತ್ತಿದ್ದ ಯೆಹೂದದ ಅರಸ ಆಹಾಜನಿಗೆ, ಹುಟ್ಟಲಿರುವ ಮಗುವು ಒಳಿತು ಕೆಡುಕುಗಳನ್ನು ಅರಿಯುವಷ್ಟರಲ್ಲಿ ಆ ಇಬ್ಬರ ನಾಡುಗಳೂ ಹಾಳಾಗುವುವೆಂದು ಯೆಶಾಯನು ಧೈರ್ಯ ಹೇಳುತ್ತಾನೆ. ಏಳು ಶತಮಾನಗಳ ತರುವಾಯ ಹುಟ್ಟುವ ಮಗುವಿನಿಂದ ಆಹಾಜನಿಗೆ ಆಗಬೇಕಾದ ಸಮಾಧಾನವಾದರೂ ಏನು?

ಗ್ರಂಥವೇ ಘಟನೆಯನ್ನು ರೂಪಿಸಿರಬಹುದೆಂಬ ಸಂದೇಹಕ್ಕೂ ಎಡೆಯಿದೆ. ಅರಸನು ಕತ್ತೆಯ ಮೇಲೆ, ಕತ್ತೆಯ ಮರಿಯ ಮೇಲೆ ಬರುವನೆಂದು ಜೆಕರ್ಯನು ಹೀಬ್ರೂ ಕಾವ್ಯದ ರೂಢಿಯಂತೆ ಒಂದನ್ನೇ ಎರಡು ಸಲ ನುಡಿದಿದ್ದಾನೆ. ಮಾರ್ಕ, ಲೂಕ, ಯೋಹಾನರಲ್ಲಿ ಯೆರೂಸಲೇಮನ್ನು ಪ್ರವೇಶಿಸುವಾಗ ಯೇಸು ಏರುವ ಪ್ರಾಣಿ ಒಂದೇ. ಮತ್ತಾಯನಲ್ಲಿ ಮಾತ್ರ ಶಿಷ್ಯರು ಎರಡನ್ನು ತರುತ್ತಾರೆ. ಇದಲ್ಲದೆ, ಯೇಸುವನ್ನು ಹಿಡಿದುಕೊಟ್ಟುದರ ಬೆಲೆಯಾದ ಮೂವತ್ತು ಬೆಳ್ಳಿನಾಣ್ಯಗಳ ಪ್ರವಾದನೆಯನ್ನು ಆತನು ಯೆರೆಮೀಯನ ಹೆಸರಿಗೆ ಬರೆದಿದ್ದಾನೆ. ಅದು ಸಿಕ್ಕುವುದು ಜೆಕರ್ಯನಲ್ಲಿ.

ಹಾಗಾದರೆ ಮತ್ತಾಯನು ವಂಚಕನೇ? ಹಾಗೆಂದವರುಂಟು, ನಾನು ಒಪ್ಪಲಾರೆ. 1947ರಿಂದೀಚೆಗೆ ಮೃತಸಮುದ್ರದ ದಡದ ಕುಮ್ರಾನ್ ಗುಹೆಗಳಲ್ಲಿ ದೊರೆತ ಸುರುಳಿಗಳಲ್ಲಿ ಹಬಕ್ಕೂಕನ ಗ್ರಂಥಕ್ಕೆ ಬರೆದ ಒಂದು ವ್ಯಾಖ್ಯಾನವಿದೆ. ಪ್ರವಾದಿಯು ಕಸ್ದೀಯರೆಂದದ್ದನ್ನು ತನ್ನ ಕಾಲದ ಆಕ್ರಮಣಕಾರರೆಂದೂ, ನೀತಿವಂತನೆಂದದ್ದನ್ನು ತನ್ನ ಪಂಗಡದ ಗುರುವೆಂದೂ ಆ ವ್ಯಾಖ್ಯಾನಕಾರನು ವಾಕ್ಯವಾಕ್ಯಕ್ಕೂ ಅರ್ಥ ಹಚ್ಚುತ್ತಾನೆ. ಶಾಸ್ತ್ರದ ಪ್ರತಿಯೊಂದು ಅಕ್ಷರವೂ ತನ್ನ ಕಾಲಕ್ಕಾಗಿಯೇ ಬಚ್ಚಿಟ್ಟುದೆಂಬ ಈ ಶ್ರದ್ಧೆಯು ಆ ಯುಗದ ಯೆಹೂದ್ಯರಲ್ಲಿ ಜೀವಂತವಾಗಿತ್ತು. ಮತ್ತಾಯನೂ ಅದರಲ್ಲಿಯೇ ಬೆಳೆದವನು. ಆದರೆ ಈ ಸಮರ್ಥನೆಯು ಆತನ ಪ್ರಾಮಾಣಿಕತೆಯನ್ನು ಉಳಿಸುವಾಗಲೇ ಆತನ ಪ್ರಮಾಣವನ್ನು ಕಳೆಯುತ್ತದೆ. ಅದೇ ರೀತಿಯಿಂದ ಕುಮ್ರಾನಿನವರು ಬೇರೊಬ್ಬ ಗುರುವನ್ನು ಅಷ್ಟೇ ನಿಸ್ಸಂಶಯವಾಗಿ ಸಾಧಿಸಿಕೊಂಡರಲ್ಲವೆ?

ಕ್ರೈಸ್ತರ ಪಕ್ಷದಲ್ಲಿ ಇಷ್ಟೆಲ್ಲಕ್ಕೂ ಮಿಗಿಲಾದ ಬಲವುಳ್ಳದ್ದು ಯೆಶಾಯನ ಐವತ್ತಮೂರನೆಯ ಅಧ್ಯಾಯ. ಅನ್ಯರ ಪಾಪವನ್ನು ಹೊತ್ತು ಮೌನವಾಗಿ ವಧೆಗೊಳಗಾಗುವ ಆ ಸೇವಕನ ವರ್ಣನೆಯನ್ನು ಓದುವಾಗ ಶಿಲುಬೆಯು ನೆನಪಿಗೆ ಬಾರದಿರುವುದು ಕಷ್ಟ. ಆದರೂ ಹಿಂದಿನ ಅಧ್ಯಾಯಗಳಲ್ಲಿ ಇಸ್ರಾಯೇಲೇ ಆ ಸೇವಕನೆಂದು ಪ್ರವಾದಿಯು ಹೆಸರಿಟ್ಟು ಹೇಳಿದ್ದಾನೆ. ಮೂರನೆಯ ಶತಮಾನದ ಯೆಹೂದ್ಯರು ಇದನ್ನು ಚೆದುರಿಹೋದ ತಮ್ಮ ಜನದ ಕಥೆಯೆಂದೇ ಓದುತ್ತಿದ್ದರೆಂದು ಅವರೊಡನೆ ವಾದಿಸಿದ ಕ್ರೈಸ್ತ ವಿದ್ವಾಂಸ ಆರಿಜನನೇ ಬರೆದಿದ್ದಾನೆ. ಹನ್ನೊಂದನೆಯ ಶತಮಾನದ ಯೆಹೂದ್ಯ ವಿದ್ವಾಂಸ ರಾಶಿಯ ವ್ಯಾಖ್ಯಾನವೂ ಅದೇ. ಸೇವಕನಿಗೆ ಇಸ್ರಾಯೇಲನ್ನೇ ಹಿಂದಿರುಗಿಸುವ ಕೆಲಸವನ್ನು ವಹಿಸಿರುವ ಒಂದು ವಾಕ್ಯವು ಈ ಅರ್ಥಕ್ಕೆ ತೊಡಕಾಗಿದೆಯೆಂಬುದನ್ನೂ ಮರೆಮಾಚಬಾರದು. ಈ ಅಧ್ಯಾಯವು ಯಾವ ಪಕ್ಷಕ್ಕೂ ಪೂರ್ತಿಯಾಗಿ ಒಲಿಯದು. ಆದರೆ ಶಿಲುಬೆಗಿಂತ ಮೊದಲು ಇದನ್ನೋದಿ, ಮೆಸ್ಸೀಯನು ಸಾಯಬೇಕೆಂದು ಶಿಷ್ಯರಲ್ಲಿ ಒಬ್ಬನಾದರೂ ತಿಳಿದಿದ್ದನೇ ಎಂಬುದು ವಿಚಾರಣೀಯ. ಲೂಕನ ಸುವಾರ್ತೆಯಲ್ಲಿ ಎಮ್ಮಾಹುವಿನ ದಾರಿ ಹಿಡಿದ ಇಬ್ಬರು ಶಿಷ್ಯರು, ಇಸ್ರಾಯೇಲನ್ನು ಬಿಡಿಸುವವನು ಈತನೇ ಎಂದು ತಾವು ನಂಬಿದ್ದೆವೆಂದು ಎದೆಗುಂದಿ ಹೇಳಿಕೊಳ್ಳುತ್ತಾರೆ. ಶಾಸ್ತ್ರದ ಅರ್ಥವು ಅವರಿಗೆ ತೆರೆಯುವುದು ಆ ಮರಣದ ಅನಂತರ. ಘಟನೆಯು ಮೊದಲು ನಡೆಯಿತು. ವಾಕ್ಯವನ್ನು ಅರಸಿದ್ದು ಆಮೇಲೆ. ಪ್ರಿಯನಾದ ಗುರುವಿನ ಅಸಹ್ಯವಾದ ಸಾವಿಗೆ ತಮ್ಮ ಪವಿತ್ರಗ್ರಂಥದಲ್ಲಿ ಅರ್ಥವನ್ನು ಹುಡುಕಿದ ಆ ಜನರನ್ನು ನಾನು ಗೌರವಿಸುತ್ತೇನೆ. ಆದರೆ ಹಾಗೆ ದೊರೆತ ಅರ್ಥವು ಶ್ರದ್ಧೆಯ ಫಲ. ಶ್ರದ್ಧೆಯಿಲ್ಲದವನ ಮುಂದೆ ಅದನ್ನೇ ಸಾಕ್ಷ್ಯವಾಗಿ ನಿಲ್ಲಿಸುವುದು ನ್ಯಾಯವಲ್ಲ.

ಆ ಅನ್ಯಾಯವು ಹೇಗೆ ನಡೆಯಿತೆಂಬುದಕ್ಕೆ 1263ರ ಬಾರ್ಸಿಲೋನದ ವಾದವೇ ಸಾಕು. ಆರಗಾನಿನ ದೊರೆ ಮೊದಲನೆಯ ಜೇಮ್ಸನ ಸಮ್ಮುಖದಲ್ಲಿ, ಯೆಹೂದ್ಯಮತವನ್ನು ತೊರೆದು ಡೊಮಿನಿಕನ್ ಸಂನ್ಯಾಸಿಯಾಗಿದ್ದ ಪಾಬ್ಲೊ ಕ್ರಿಸ್ತಿಯಾನಿಯು, ಮೆಸ್ಸೀಯನು ಬಂದಾಗಿದೆಯೆಂದು ಯೆಹೂದ್ಯರ ತಾಲ್ಮೂದಿನಿಂದಲೇ ಸಾಧಿಸಲು ನಿಂತನು. ಪ್ರತಿವಾದಿ ರಬ್ಬಿ ಮೋಶೆ ಬೆನ್ ನಹ್ಮಾನನು. ಪ್ರವಾದಿಗಳು ಹೇಳಿದ ಶಾಂತಿಯೆಲ್ಲಿ, ಯೇಸುವಿನ ಕಾಲದಿಂದ ಈವರೆಗೂ ಲೋಕವು ಹಿಂಸೆಯಿಂದಲೂ ಸುಲಿಗೆಯಿಂದಲೂ ತುಂಬಿಲ್ಲವೆ ಎಂದು ಅವನು ಆ ರಾಜಸಭೆಯಲ್ಲಿ ಕೇಳಿದನು. ಆ ಪ್ರಶ್ನೆಗೆ ವಾದದಿಂದ ಉತ್ತರ ಬರಲಿಲ್ಲ. ತನ್ನ ಪಕ್ಷವನ್ನು ಬರೆದು ಹಂಚಿದುದಕ್ಕಾಗಿ ಡೊಮಿನಿಕನ್ನರು ಅವನ ಮೇಲೆ ದೂರಿತ್ತರು. ಎಪ್ಪತ್ತು ದಾಟಿದ ಆ ಮುದುಕನು ಸ್ಪೇನನ್ನು ತೊರೆದು 1267ರಲ್ಲಿ ಯೆರೂಸಲೇಮನ್ನು ಸೇರಿದನು. ಸ್ಟ್ರಾಸ್‌ಬುರ್ಗಿನ ಪ್ರಧಾನ ದೇವಾಲಯದ ಬಾಗಿಲಲ್ಲಿ, ಯೆಹೂದ್ಯಮತವನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ, ಮುರಿದ ಭರ್ಜಿ ಹಿಡಿದ ಹೆಂಗಸಾಗಿ ಕಡೆದು ನಿಲ್ಲಿಸಿದ್ದೂ ಅದೇ ಶತಮಾನದ ಶಿಲ್ಪಿಗಳು.

ಉಳಿದ ಪ್ರವಾದನೆಗಳು ಎರಡನೆಯ ಆಗಮನದಲ್ಲಿ ನೆರವೇರುವುವೆಂಬುದು ಕ್ರೈಸ್ತಸಭೆಯ ಉತ್ತರ. ಯೇಸುವನ್ನು ಮೊದಲೇ ನಂಬಿದವರಿಗೆ ಅದು ಸಂಗತವಾದ ನಿರೀಕ್ಷೆಯೇ ಸರಿ. ಆದರೆ ಲೋಕಶಾಂತಿಯೂ ಇಸ್ರಾಯೇಲಿನ ಪುನರ್ಮಿಲನವೂ ಇನ್ನೂ ಆಗಬೇಕಾಗಿವೆಯೆಂದು ಒಪ್ಪಿದ ಮೇಲೆ, ಅವು ಆಗಿಲ್ಲವೆಂಬ ಕಾರಣದಿಂದ ಒಪ್ಪಿಗೆಯನ್ನು ತಡೆಹಿಡಿದವನಲ್ಲಿ ತಪ್ಪನ್ನೆಣಿಸಲು ಬರುವುದಿಲ್ಲ. ರೋಮಿನ ಬೈಬಲ್ ಆಯೋಗವು 2001ರಲ್ಲಿ ಪ್ರಕಟಿಸಿದ ಲೇಖದಲ್ಲಿ, ಹಳೆಯ ಒಡಂಬಡಿಕೆಯನ್ನು ಕ್ರೈಸ್ತರು ಓದುವ ಬಗೆಯು ಹಿನ್ನೋಟದ್ದೆಂದೂ, ಯೆಹೂದ್ಯರ ಮೆಸ್ಸೀಯ ನಿರೀಕ್ಷೆಯು ವ್ಯರ್ಥವಲ್ಲವೆಂದೂ ಒಪ್ಪಿಕೊಂಡಿದೆ. ಆ ಒಪ್ಪಿಗೆಯು ಪಂಡಿತರ ಲೇಖದಲ್ಲಿಯೇ ಉಳಿಯಬಾರದು. ನೂರಾರು ಪ್ರವಾದನೆಗಳು ನೆರವೇರಿದುವೆಂದು ಪಟ್ಟಿಮಾಡಿ ಹಂಚುವ ಕರಪತ್ರಗಳನ್ನು ಬರೆಯುವವರು, ಹೋಶೇಯನ ಮೊದಲ ವಾಕ್ಯವನ್ನು ಎತ್ತಿಕೊಳ್ಳುವಾಗ ಎರಡನೆಯದನ್ನೂ ಓದುಗನ ಮುಂದಿಡಲಿ.